ನಿಮಗಿದು ಗೊತ್ತೇ? ಹೆಬ್ಬಾಳದ ಚರಂಡಿಯಿಂದ ಎದ್ದುಬಂದ ವೀರ!

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು, ವಿಮಾನ ತಪ್ಪಿತಲ್ಲಪ್ಪ ಎಂದು ಗೊಣಗಿದ್ದೀರಿ ತಾನೇ? ಅಲ್ಲಿಂದ ಹೆಚ್ಚು ದೂರವೇನಿಲ್ಲದ ಹಳೇ ಹೆಬ್ಬಾಳದಲ್ಲಿ ಒಬ್ಬ ವೀರನ ಕಲ್ಲಿದೆ. ಹೆಸರು ಕಿತ್ತಯ್ಯ. ಅವನು ಸತ್ತು ಹತ್ತಿರ ಹತ್ತಿರ 1,270 ವರ್ಷ ಆಯಿತು!

ಆ ಕಲ್ಲು ಸಿಕ್ಕಿದ್ದು ಎಲ್ಲಿ ಅಂತೀರಿ? ಅರಮನೆಯಲ್ಲೂ ಅಲ್ಲ, ಗರ್ಭಗುಡಿಯಲ್ಲೂ ಅಲ್ಲ. 2018ರಲ್ಲಿ ಚರಂಡಿ ಕೆಲಸಕ್ಕೆಂದು ನೆಲ ಅಗೆಯುತ್ತಿದ್ದಾಗ! ಇನ್ನೊಂದು ಸ್ವಲ್ಪದರಲ್ಲಿ ಕಿತ್ತಯ್ಯ ಕಟ್ಟಡದ ಕಸದ ಜೊತೆ ಲಾರಿ ಹತ್ತುತ್ತಿದ್ದನೋ ಏನೋ.

ಈ ಕಲ್ಲಿನ ಬರಹ ಸುಮಾರು ಕ್ರಿ.ಶ. 750ರದ್ದು. ಬೆಂಗಳೂರು ನಗರದೊಳಗೆ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲೇ ಇದು ಹಿರಿಯಣ್ಣ. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವ ಬೇಗೂರಿನ ಶಾಸನ ಸುಮಾರು 890ರದ್ದು. ಅಂದರೆ ಬೇಗೂರಿನ ಕಲ್ಲು ಹುಟ್ಟುವ ಹೊತ್ತಿಗೆ ಹೆಬ್ಬಾಳದ ಕಲ್ಲಿಗೆ ಆಗಲೇ 140 ವರ್ಷ ವಯಸ್ಸು!

ಕಿತ್ತಯ್ಯ ರಾಜನೂ ಅಲ್ಲ, ಸಾಮಂತನೂ ಅಲ್ಲ. ರಾಷ್ಟ್ರಕೂಟರ ಕಡೆಯವರು ಊರಿನ ಮೇಲೆ ಬಿದ್ದಾಗ ಎದುರು ನಿಂತು ಕಾದಾಡಿ ಮಡಿದವನು. ಅಷ್ಟೇ ಅವನ ಚರಿತ್ರೆ. ಊರಿನವರು ಒಂದು ಕಲ್ಲು ನಿಲ್ಲಿಸಿದರು. ಹೆಸರು ಉಳಿಯಿತು! ಆಗ ಈ ಸೀಮೆಗೆ ಪೆರ್ಬೊಳಲ್‌ನಾಡು ಎನ್ನುತ್ತಿದ್ದರು. ಅದರಲ್ಲಿ ಇದ್ದದ್ದು 30 ಹಳ್ಳಿ.

ಆಗ ಆಳುತ್ತಿದ್ದವನು ಗಂಗರ ಶ್ರೀಪುರುಷ. ಈತ ಸಿಂಹಾಸನದ ಮೇಲೆ ಕೂತದ್ದು ಸುಮಾರು 726ರಲ್ಲಿ, ಇಳಿದದ್ದು ಸುಮಾರು 788ರಲ್ಲಿ. ಲೆಕ್ಕ ಹಾಕಿ ನೋಡಿ, 60 ವರ್ಷ ದಾಟುತ್ತದೆ!

ಅಷ್ಟು ಸಾಲದು ಎಂಬಂತೆ ಶ್ರೀಪುರುಷ ಒಂದು ಪುಸ್ತಕವನ್ನೂ ಬರೆದನಂತೆ. ಯಾವುದರ ಬಗ್ಗೆ? ಆನೆಗಳ ಬಗ್ಗೆ! ‘ಗಜಶಾಸ್ತ್ರ’ ಎಂಬ ಸಂಸ್ಕೃತ ಗ್ರಂಥ ಅವನ ಹೆಸರಿನಲ್ಲಿದೆ.

ಅವನ ರಾಜಧಾನಿ ಮಾನ್ಯಪುರ ಎಲ್ಲಿತ್ತು ಗೊತ್ತೇ? ತುಮಕೂರು ರಸ್ತೆ ಹಿಡಿದು ಯಶವಂತಪುರ ದಾಟಿ ನೆಲಮಂಗಲ ತಾಲ್ಲೂಕಿಗೆ ಹೋಗಿ. ಮಣ್ಣೆ ಎಂಬ ಹಳ್ಳಿ ಸಿಗುತ್ತದೆ. ಅದೇ! ಅಲ್ಲಿ ಕಪಿಲೇಶ್ವರ ಗುಡಿಯ ಅವಶೇಷ ಈಗಲೂ ನಿಂತಿದೆ. ಒಂದು ಕಾಲದ ರಾಜಧಾನಿಗೆ ಇವತ್ತು ಹಳ್ಳಿಯ ಬಸ್ಸು ಕಾದು ಹೋಗಬೇಕು.

ಗಂಗರ ಕಾಲದಲ್ಲಿ ವೀರ ಸತ್ತರೆ ಅವನ ಮನೆಯವರಿಗೆ ಭೂಮಿ ಸಿಗುತ್ತಿತ್ತು. ಅದಕ್ಕೆ ಕಲ್ನಾಡು ಎಂದು ಹೆಸರು. ಮುಂದಿನ ಕಾಲದಲ್ಲಿ ನೆತ್ತರುಕೊಡಗೆ ಎಂದೂ ಕರೆದರು. ಕೊಡುವ ಮುಂಚೆ ಕತ್ತಿ ತೊಳೆಯುವ ಶಾಸ್ತ್ರ ಬೇರೆ ಇತ್ತು, ಬಾಳ್ಗಳ್ಚು ಅಂತ! ಇವತ್ತಿನ ಅನುಕಂಪದ ಪರಿಹಾರಕ್ಕೆ ಎಷ್ಟೊಂದು ಕಚೇರಿ ಸುತ್ತಬೇಕು, ಆಗ ಒಂದು ಕಲ್ಲೇ ಪಹಣಿ!

ಆ ಪಹಣಿಯನ್ನು ಯಾರಾದರೂ ಅಳಿಸಿದರೆ? ಅದಕ್ಕೂ ಕಲ್ಲಿನಲ್ಲೇ ವ್ಯವಸ್ಥೆ. ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಮೇಲೆ 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವ ಶಿಕ್ಷೆ! ನಮ್ಮ ನೂರಾರು ದಾನಶಾಸನಗಳು ಮುಗಿಯುವುದೇ ಇಂಥ ಶಾಪದಿಂದ. ಒತ್ತುವರಿದಾರರು ಓದಬೇಕಾದ ಸಾಹಿತ್ಯ.

ಅನೇಕ ಶಾಸನಗಳ ನೆತ್ತಿಯ ಮೇಲೆ ಸೂರ್ಯ, ಚಂದ್ರ ಕೆತ್ತಿರುವುದನ್ನು ನೋಡಿರುತ್ತೀರಿ. ಅಲಂಕಾರಕ್ಕೆ ಅಂದುಕೊಂಡಿರಾ? ಅಲ್ಲ! ಅವರಿಬ್ಬರೂ ಆಕಾಶದಲ್ಲಿ ಇರುವವರೆಗೂ ಈ ದಾನ ನಡೆಯಬೇಕು ಅಂತ. ಇದಕ್ಕಿಂತ ದೊಡ್ಡ ಗ್ಯಾರಂಟಿ ಯಾವುದಿದೆ ಹೇಳಿ!

ವೀರಗಲ್ಲು ಮನುಷ್ಯರಿಗೆ ಮಾತ್ರ ಎಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949-50ರ ಹೊತ್ತಿಗೆ ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ಹೆಸರು ಕಾಳಿ. ಕಾಡುಹಂದಿಯ ಜೊತೆ ಸೆಣಸಿ ಎರಡೂ ಸತ್ತವು. ನಾಯಿಯ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆ ಎಂದು ಬರೆದೂ ಇಟ್ಟರು! ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸ್ಕಾಟ್ಲೆಂಡಿನವರಿಗೂ ಇಂಥದ್ದೇ ಒಂದು ನಾಯಿ ಇದೆ. ಎಡಿನ್‌ಬರೋ ಚರ್ಚಿನ ಅಂಗಳದಲ್ಲಿ ಯಜಮಾನನ ಸಮಾಧಿ ಕಾಯುತ್ತಾ 14 ವರ್ಷ ಕೂತಿತ್ತೆಂಬ ಬಾಬಿ. 1872ರಲ್ಲಿ ಸತ್ತಿತು, ಮರುವರ್ಷವೇ ಪ್ರತಿಮೆ ಎದ್ದಿತು. ಜಗತ್ತೆಲ್ಲ ಬಾಬಿಗೆ ಕಣ್ಣೀರು ಹಾಕುತ್ತದೆ. ನಮ್ಮ ಕಾಳಿ ಅದಕ್ಕಿಂತ 900 ವರ್ಷ ಸೀನಿಯರ್!

ಸ್ಕಾಟ್ಲೆಂಡಿನ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಕಿತ್ತಯ್ಯನಿಗೆ ಇಲ್ಲಿ ಕಲ್ಲು ನಿಲ್ಲಿಸಿದ ಅದೇ 8ನೇ ಶತಮಾನದಲ್ಲಿ, ಸ್ಕಾಟ್ಲೆಂಡಿನ ದಕ್ಷಿಣ ಅಂಚಿನ ರೂತ್‌ವೆಲ್ ಎಂಬ ಹಳ್ಳಿಯಲ್ಲೂ ಒಂದು ಕಲ್ಲು ಎದ್ದು ನಿಂತಿತು. ಅದು ಶಿಲುಬೆ. ಎತ್ತರ 5 ಮೀಟರಿಗೂ ಹೆಚ್ಚು! ಮೈತುಂಬಾ ಕೆತ್ತನೆ, ಅಂಚಿನಲ್ಲಿ ರೂನ್ ಎಂಬ ಹಳೆಯ ಲಿಪಿಯ ಬರಹ.

900 ವರ್ಷ ಅದು ಸುಖವಾಗಿತ್ತು. 1642ರಲ್ಲಿ ಅಲ್ಲಿನ ಧರ್ಮಸಭೆ ಇದು ವಿಗ್ರಹಪೂಜೆ ಎಂದು ತೀರ್ಮಾನಿಸಿ ಒಡೆಯಲು ಹೇಳಿತು. ಒಡೆದರು. ತುಂಡುಗಳನ್ನು ಎಸೆದರೇ? ಇಲ್ಲ! ಚರ್ಚಿನ ನೆಲದಲ್ಲೇ ಬಿಟ್ಟರು. ಭಕ್ತರು ಅವುಗಳ ಮೇಲೆಯೇ ಕೂತು ಪ್ರವಚನ ಕೇಳಿದರು!

ಆಮೇಲೆ ತುಂಡುಗಳು ಚರ್ಚಿನ ಹೊರಗೆ, ಸಮಾಧಿಗಳ ನಡುವೆ ಬಿದ್ದವು. 1799ರಲ್ಲಿ ಹೊಸ ಪಾದ್ರಿ ಹೆನ್ರಿ ಡಂಕನ್ ಬಂದ. ಒಂದೊಂದಾಗಿ ಆರಿಸಿ, ಜೋಡಿಸಿ, 1818ರಲ್ಲಿ ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದ. ಅಡ್ಡತೊಲೆ ಸಿಗಲಿಲ್ಲ. 1823ರಲ್ಲಿ ಹೊಸದನ್ನೇ ಮಾಡಿಸಿದ!

1887ರಲ್ಲಿ ಶಿಲುಬೆ ಮತ್ತೆ ಚರ್ಚಿನ ಒಳಗೆ ಬಂತು. ಆದರೆ ಉದ್ದ ಜಾಸ್ತಿ, ಹೇಗೆ ನಿಲ್ಲಿಸುವುದು? ಅದಕ್ಕೆಂದೇ ಚರ್ಚಿಗೆ ಹೊಸ ಭಾಗ ಕಟ್ಟಿ, ನೆಲದಲ್ಲಿ ಹೊಂಡ ತೋಡಿ ಬುಡವನ್ನು ಇಳಿಸಿದರು. ಇವತ್ತಿಗೂ ಅದು ಹೊಂಡದಲ್ಲೇ ನಿಂತಿದೆ!

ಅದರ ಮೇಲಿನ ಬರಹ ಏನಿರಬಹುದು? ಪಂಡಿತರು ಏನೇನೋ ಅರ್ಥ ಹಚ್ಚಿದರು. ಕೊನೆಗೆ 1840ರಲ್ಲಿ ಜಾನ್ ಕೆಂಬಲ್ ಎಂಬಾತ ಗುಟ್ಟು ಬಿಡಿಸಿದ. ಅದು ಹಳೆಯ ಇಂಗ್ಲಿಷಿನ ಒಂದು ಕವಿತೆ. ಅದರಲ್ಲಿ ಮಾತಾಡುವುದು ಕವಿಯಲ್ಲ, ಸ್ವತಃ ಶಿಲುಬೆ! ತನ್ನ ಕಥೆಯನ್ನು ತಾನೇ ಹೇಳುವ ಕಲ್ಲು!

ಈ ಪಾದ್ರಿ ಡಂಕನ್ ಸಾಮಾನ್ಯದವನಲ್ಲ. ನಿಮ್ಮ ಉಳಿತಾಯ ಖಾತೆಯ ಪಾಸ್‌ಬುಕ್ ಇದೆಯಲ್ಲ, ಅದರ ಮೂಲಪುರುಷರಲ್ಲಿ ಇವನೂ ಒಬ್ಬ! 1810ರಲ್ಲಿ ಇದೇ ರೂತ್‌ವೆಲ್‌ನಲ್ಲಿ ಬಡವರಿಗಾಗಿ ಉಳಿತಾಯ ಬ್ಯಾಂಕ್ ತೆರೆದ. ಉಳಿದ ಬ್ಯಾಂಕುಗಳು 10 ಪೌಂಡ್ ಇಲ್ಲದವನನ್ನು ಒಳಗೇ ಬಿಡುತ್ತಿರಲಿಲ್ಲ. ಇಲ್ಲಿ 6 ಪೆನ್ಸ್ ತಂದರೂ ಸ್ವಾಗತ!

ಬ್ಯಾಂಕಿನ ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿ ಮೂರು ಜನರ ಕೈಯಲ್ಲಿ. ಮೂವರೂ ಒಟ್ಟಿಗೆ ಬಂದರೆ ಮಾತ್ರ ಪೆಟ್ಟಿಗೆ ಬಾಯಿ ಬಿಡುತ್ತಿತ್ತು! ದೇವಸ್ಥಾನದ ಹುಂಡಿ ಎಣಿಸುವ ದಿನ ನೆನಪಾಯಿತೇ?

ಅದೇ ಡಂಕನ್ ಕಲ್ಲುಗಣಿಯೊಂದರಲ್ಲಿ ವಿಚಿತ್ರ ಹೆಜ್ಜೆಗುರುತು ಕಂಡ. ಬಂಡೆಯೊಳಗೆ ಯಾವುದೋ ಪ್ರಾಣಿ ನಡೆದುಹೋಗಿತ್ತು! ಅಚ್ಚು ತೆಗೆದು ಆಕ್ಸ್‌ಫರ್ಡಿನ ವಿಜ್ಞಾನಿ ಬಕ್‌ಲ್ಯಾಂಡ್‌ಗೆ ಕಳಿಸಿದ. ಬಕ್‌ಲ್ಯಾಂಡ್ ಏನು ಮಾಡಿದ ಗೊತ್ತೇ? ಹಿಟ್ಟು ಲಟ್ಟಿಸಿ ಹಾಸಿ, ಅದರ ಮೇಲೆ ಆಮೆಯನ್ನು ನಡೆಸಿ ಗುರುತು ಹೋಲಿಸಿದ! 1828ರಲ್ಲಿ ಬಂದ ಡಂಕನ್ನನ ವರದಿ ಪಳೆಯುಳಿಕೆ ಹೆಜ್ಜೆಗಳ ಬಗೆಗಿನ ಮೊಟ್ಟಮೊದಲ ವೈಜ್ಞಾನಿಕ ವರದಿಗಳಲ್ಲಿ ಒಂದು. ಎಲ್ಲವೂ ಒಂದು ಹಳ್ಳಿ ಚರ್ಚಿನ ಪಾದ್ರಿಯ ಬಿಡುವಿನ ಕೆಲಸ!

ನಮ್ಮ ಕಲ್ಲುಗಳಿಗೂ ಒಬ್ಬ ಡಂಕನ್ ಸಿಕ್ಕಿದ್ದ. ಅವನೇ ಬೆಂಜಮಿನ್ ಲೂಯಿ ರೈಸ್. ಪಾದ್ರಿಯಲ್ಲ, ಪಾದ್ರಿಯ ಮಗ. ಹುಟ್ಟಿದ್ದು ಇಲ್ಲೇ ಬೆಂಗಳೂರಿನಲ್ಲಿ, 1837ರಲ್ಲಿ! ಅವೆನ್ಯೂ ರಸ್ತೆಯ ಗದ್ದಲದ ನಡುವೆ ಇರುವ ರೈಸ್ ಸ್ಮಾರಕ ಚರ್ಚು ಅವನ ತಂದೆಯ ನೆನಪಿನದು.

ರೈಸ್ ಮೈಸೂರು ಸೀಮೆಯ ಮೂಲೆಮೂಲೆಯಿಂದ ಕಲೆಹಾಕಿದ ಶಾಸನಗಳೆಷ್ಟು? ಹತ್ತಿರ ಹತ್ತಿರ 9,000! ಎಲ್ಲವನ್ನೂ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಚಿತ್ರದುರ್ಗ ಜಿಲ್ಲೆಯಲ್ಲಿ ಅಶೋಕನ ಶಾಸನ ಪತ್ತೆಮಾಡಿ 1892ರಲ್ಲಿ ಬೆಳಕಿಗೆ ತಂದವನೂ ಇವನೇ! ಆದರೂ ಕಿತ್ತಯ್ಯ ಇವನ ಕಣ್ಣಿಗೆ ಬೀಳಲಿಲ್ಲ. ಮಣ್ಣಿನಡಿ ಬೆಚ್ಚಗೆ ಮಲಗಿದ್ದ.

ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವುದು ಹೇಗೆ, ನೋಡಿದ್ದೀರಾ? ಮೊದಲು ಕಲ್ಲಿನ ಪಾಚಿ, ಮಣ್ಣು ಉಜ್ಜಿ ತೊಳೆಯುತ್ತಾರೆ. ಒದ್ದೆ ಕಾಗದ ಅಂಟಿಸುತ್ತಾರೆ. ಗಟ್ಟಿ ಬ್ರಷ್ಷಿನಿಂದ ಟಪಟಪ ಬಡಿಯುತ್ತಾರೆ. ಕಾಗದ ಅಕ್ಷರದ ಗೀರಿನೊಳಗೆಲ್ಲ ಇಳಿದು ಕೂರುತ್ತದೆ. ಮೇಲೆ ಶಾಯಿ ಮೆತ್ತಿದ ಉಂಡೆ ಒತ್ತುತ್ತಾ ಹೋದರೆ ಹಾಳೆಯೆಲ್ಲ ಕಪ್ಪು, ತಗ್ಗಿನ ಅಕ್ಷರ ಮಾತ್ರ ಬೆಳ್ಳಗೆ! ಸುಲಿದು ತೆಗೆದರೆ ಸಾವಿರ ವರ್ಷದ ಕಾಗದ ಕೈಯಲ್ಲಿ.

ಈಗ ಶಾಯಿಯೂ ಬೇಡ. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿ ಇಲ್ಲಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಪರದೆಯ ಮೇಲೆ ಎದ್ದು ನಿಲ್ಲುತ್ತದೆ! ಹೆಬ್ಬಾಳದವರೇನೂ ಸುಮ್ಮನಿಲ್ಲ. ಕಿತ್ತಯ್ಯನ ಕಲ್ಲಿಗೆ ಗಂಗರ ಶೈಲಿಯಲ್ಲೇ ಒಂದು ಮಂಟಪ ಎದ್ದಿದೆ. ಚರಂಡಿಯಿಂದ ಮಂಟಪಕ್ಕೆ, ಎಂಥ ಬಡ್ತಿ!

ಮಳೆ, ಬಿಸಿಲಿಗೆ ನಾವು ಮಂಟಪ ಕಟ್ಟುತ್ತೇವೆ. ಸ್ಕಾಟ್ಲೆಂಡಿನ ಆಬರ್ಲೆಮ್ನೊ ಹಳ್ಳಿಯವರದು ಇನ್ನೊಂದು ಉಪಾಯ. ಅಲ್ಲಿನ ಚರ್ಚಿನ ಅಂಗಳದಲ್ಲಿ ಪಿಕ್ಟ್ ಜನ ಕೆತ್ತಿದ ಪುರಾತನ ಯುದ್ಧದ ಕಲ್ಲಿದೆ. ಕುದುರೆ, ಈಟಿ, ಸತ್ತುಬಿದ್ದ ಸೈನಿಕನನ್ನು ಕುಕ್ಕುವ ಹಕ್ಕಿ, ಎಲ್ಲ ಇದೆ. ಚಳಿಗಾಲ ಬಂತೆಂದರೆ ಕಲ್ಲಿಗೆ ಮರದ ಪೆಟ್ಟಿಗೆ ತೊಡಿಸುತ್ತಾರೆ! ವಸಂತ ಬಂದಾಗ ಬಿಚ್ಚುತ್ತಾರೆ. ಅದರಲ್ಲಿ ಒಂದೇ ಒಂದು ಅಕ್ಷರವಿಲ್ಲ. ಸತ್ತವನು ಯಾರೋ ಏನೋ. ನಮ್ಮವನ ಹೆಸರಾದರೂ ಗೊತ್ತು!

ಆ ದೇಶದ ಹಳ್ಳಿ ಚರ್ಚುಗಳಲ್ಲಿ ಸತ್ತವರಿಗೂ ನೆಮ್ಮದಿ ಇರಲಿಲ್ಲ ಗೊತ್ತೇ? ವೈದ್ಯಕೀಯ ಶಾಲೆಗಳಿಗೆ ಮಾರಲು ಕಳ್ಳರು ಹೆಣಗಳನ್ನೇ ಅಗೆದು ಒಯ್ಯುತ್ತಿದ್ದರು! ಸಮಾಧಿಯ ಮೇಲೆ ಕಬ್ಬಿಣದ ಪಂಜರ ಹಾಕಿದರು. ಕಾವಲಿಗೆ ಪುಟ್ಟ ಮನೆ ಕಟ್ಟಿ ರಾತ್ರಿಯೆಲ್ಲ ಎದ್ದಿದ್ದರು. 1832ರಲ್ಲಿ ಹೊಸ ಕಾನೂನು ಬಂದ ಮೇಲೇ ಆ ದಂಧೆ ಅಡಗಿದ್ದು.

ತಪ್ಪು ಮಾಡಿದವರ ಗತಿ? ಚರ್ಚಿನ ಗೋಡೆಗೆ ಕಬ್ಬಿಣದ ಕತ್ತುಪಟ್ಟಿ ಸರಪಳಿಯಲ್ಲಿ ತೂಗಾಡುತ್ತಿತ್ತು. ಅದನ್ನು ಕೊರಳಿಗೆ ತೊಡಿಸಿ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಊರಿನವರೆಲ್ಲ ನೋಡುತ್ತಾ ಒಳಗೆ ಹೋಗುವುದು! ನಮ್ಮ ಹುಳುವಿನ ಶಾಪವೇ ವಾಸಿ, ಅದು ಮುಂದಿನ ಜನ್ಮದ ಮಾತು.

ಸರಿ, ಊರಿಗೆ ಬರೋಣ. ಹೆಬ್ಬಾಳ ಕೆರೆ ಕೆಂಪೇಗೌಡರ ಕಾಲದ್ದು, 1537ರದ್ದು ಎನ್ನುತ್ತಾರೆ. ಬೆಂಗಳೂರಿನ ಕೋಟೆ ಎದ್ದದ್ದೂ ಅದೇ ವರ್ಷ! ಅಲ್ಲಿಯವರೆಗೆ ಆ ಮನೆತನದ ಗದ್ದುಗೆ ಇದ್ದದ್ದು ಯಲಹಂಕದಲ್ಲಿ.

ಯಲಹಂಕ ಅದಕ್ಕೂ ಹಳೆಯದು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಅದು ಇಲೈಪಾಕ್ಕನಾಡು! ಹೊಯ್ಸಳರ ಕಾಲದ ಒಂದು ಕಲ್ಲಿನಲ್ಲಿ ಎಲವಕ್ಕ. ಹೆಸರು ಬಾಯಿಂದ ಬಾಯಿಗೆ ಉರುಳಿ ನುಣ್ಣಗಾಗಿದೆ.

ಬೆಂಗಳೂರು ಕಟ್ಟಿದ ಕೆಂಪೇಗೌಡರು ಜೈಲಿಗೆ ಹೋಗಿದ್ದರು, ಗೊತ್ತೇ? ತಮ್ಮದೇ ನಾಣ್ಯ ಅಚ್ಚು ಹಾಕಿಸಿದರು ಎಂಬ ಆರೋಪ. ವಿಜಯನಗರದವರು ಹಿಡಿದು ಆನೆಗೊಂದಿಯಲ್ಲಿ ಇಟ್ಟರು. ಐದು ವರ್ಷ! ಬಿಡುಗಡೆಯಾಗಿ ಬಂದು ಮತ್ತೆ ಆಳಿದರು.

ಈ ಸೀಮೆಯ ಮೊರಸು ಒಕ್ಕಲಿಗರ ಬಂಡಿದೇವರ ಆಚರಣೆ ಕೇಳಿದರೆ ಮೈ ಝುಂ ಎನ್ನುತ್ತದೆ. ಹೆಣ್ಣುಮಕ್ಕಳ ಎರಡು ಬೆರಳಿನ ತುದಿಯನ್ನು ಉಳಿಯಿಂದ ಕತ್ತರಿಸುತ್ತಿದ್ದರು! ಕೆಂಪೇಗೌಡರು ಇದನ್ನು ನಿಷೇಧಿಸಿದರು ಎಂದು ಪ್ರತೀತಿ. ಆದರೆ 1800ರಲ್ಲಿ ಈ ಕಡೆ ಬಂದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಆಗಲೂ ಇದು ನಡೆಯುತ್ತಿದ್ದುದನ್ನು ಬರೆದಿದ್ದಾನೆ. ಒಂದು ಆಜ್ಞೆಯಿಂದ ಹೋಗುವಂಥದ್ದಲ್ಲ ನೋಡಿ ಇವೆಲ್ಲ.

ಕೊನೆಗೆ ಹೇಗೆ ನಿಂತಿತು? ಜನರೇ ಜಾಣತನದ ದಾರಿ ಕಂಡುಕೊಂಡರು. ಬೆರಳಿಗೆ ಹೂವು ಸುತ್ತುವುದು, ಗಿಣ್ಣಿನ ಮೇಲೆ ಉಳಿ ಇಡುವುದು, ಹಾಗೇ ಎತ್ತಿಬಿಡುವುದು! ಕೆಲವರು ಬೆರಳ ತುದಿಗೆ ಹಿಟ್ಟಿನಿಂದ ಚಿನ್ನದ ಚೂರು ಅಂಟಿಸಿ ಅದನ್ನು ಕಿತ್ತರು. ದೇವರಿಗೂ ಸಮಾಧಾನ, ಬೆರಳೂ ಕ್ಷೇಮ!

ಬುಕಾನನ್ ಕಂಡದ್ದನ್ನೆಲ್ಲ ಕೇಳಿ ಕೇಳಿ ಬರೆದುಕೊಂಡವನು. ರಾಗಿ ಬಿತ್ತನೆ, ಕೂಲಿ, ಮಗ್ಗ, ಮದುವೆ, ಯಾವುದನ್ನೂ ಬಿಡಲಿಲ್ಲ. ಆ ಚಾಳಿ ಅವನ ನಾಡಿನದೇ ಇರಬೇಕು! ಅಲ್ಲಿ 1790ರ ದಶಕದಲ್ಲಿ ಜಾನ್ ಸಿಂಕ್ಲೇರ್ ಎಂಬ ಮಹಾಶಯ ದೇಶದ ಪ್ರತಿ ಚರ್ಚಿನ ಪಾದ್ರಿಗೂ ಪ್ರಶ್ನೆಪಟ್ಟಿ ಕಳಿಸಿದ್ದ. 160ಕ್ಕೂ ಹೆಚ್ಚು ಪ್ರಶ್ನೆ! ನಿಮ್ಮೂರಲ್ಲಿ ಎಷ್ಟು ಜನ, ಯಾವ ರೋಗ, ಯಾವ ಬೆಳೆ? ಉತ್ತರಗಳು 21 ಸಂಪುಟ ಆದವು.

ಇನ್ನೊಬ್ಬ ಸ್ಕಾಟ್ ಕಾಲಿನ್ ಮೆಕೆಂಜಿ. ಲೂಯಿಸ್ ಎಂಬ ದೂರದ ದ್ವೀಪದವನು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1816ರಲ್ಲಿ ತನ್ನ ಚಿತ್ರ ಬರೆಸಿಕೊಂಡಾಗ ಒಬ್ಬನೇ ನಿಲ್ಲಲಿಲ್ಲ. ಜೊತೆಗೆ ಮೂವರು ಭಾರತೀಯರನ್ನು ನಿಲ್ಲಿಸಿಕೊಂಡ. ಅವರಲ್ಲೊಬ್ಬ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ! ಹಿಂದೆ ದೂರದಲ್ಲಿ ಗುಡ್ಡದ ಮೇಲೆ ಯಾರು ಕಾಣುತ್ತಾರೆ ಹೇಳಿ? ನಮ್ಮ ಗೊಮ್ಮಟ! ಚಿತ್ರ ಈಗ ಲಂಡನ್ನಿನಲ್ಲಿದೆ.

ಸ್ಕಾಟರ ಚರ್ಚನ್ನೇ ನೋಡಬೇಕೆಂದರೆ ವಿಮಾನ ಹತ್ತಬೇಕಾಗಿಲ್ಲ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚು ಅವರಿಗಾಗಿಯೇ 1860ರ ದಶಕದಲ್ಲಿ ಕಟ್ಟಿದ್ದು. ಸ್ಕಾಟ್ಲೆಂಡಿನ ಪೋಷಕ ಸಂತನ ಹೆಸರೇ ಅದಕ್ಕೆ!

ಆರ್.ಟಿ. ನಗರದವರೇ, ನಿಮ್ಮ ಬಡಾವಣೆಯ ಹೆಸರು ರವೀಂದ್ರನಾಥ ಟ್ಯಾಗೋರರದು ಅಂತ ಗೊತ್ತಿತ್ತೇ? ಪಕ್ಕದ ಮೇಖ್ರಿ ಸರ್ಕಲ್ ಸ್ವಾತಂತ್ರ್ಯ ಹೋರಾಟಗಾರ ಎನಾಯತುಲ್ಲಾ ಮೇಖ್ರಿ ಅವರದು. ಅಲ್ಲೇ ಮಗ್ಗುಲಲ್ಲಿ ಕೆಂಪೇಗೌಡರ ಗಡಿಗೋಪುರ ನಿಂತಿದೆ. ಊರು ಇಲ್ಲಿಗೆ ಮುಗಿಯಿತು ಎಂದು ಹೇಳಿದ್ದ ಗೋಪುರ! ಈಗ ಊರು ಅದನ್ನು ದಾಟಿ ದೇವನಹಳ್ಳಿಗೆ ಮುಟ್ಟಿದೆ.

ಹೆಬ್ಬಾಳದ ಕೃಷಿ ಕಾಲೇಜಿಗೆ ಬುನಾದಿ ಹಾಕಿದ್ದು ಒಬ್ಬ ರಾಣಿ! 1899ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಪ್ರಯೋಗದ ತೋಟಕ್ಕೆ 30 ಎಕರೆ ಕೊಟ್ಟರು. ಅದೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು.

ದೇವನಹಳ್ಳಿ ಬಳಿಯ ನಲ್ಲೂರಿಗೆ ಹೋಗಿದ್ದೀರಾ? ಸುಮಾರು 54 ಎಕರೆಯ ಹುಣಸೆ ತೋಪು, 300ರಷ್ಟು ಮರ! ಕೆಲವು ಮರಗಳ ಹೊಟ್ಟೆಯೇ ಟೊಳ್ಳು, ಆದರೂ ಮೇಲೆ ಹಸಿರು. ನಡುವೆ ಚೋಳರ ಕಾಲದ್ದೆನ್ನುವ ಪಾಳು ಗುಡಿ. 2007ರಲ್ಲಿ ಇದು ಭಾರತದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಡೀ ದೇಶಕ್ಕೇ ಮೊದಲು, ಅದೂ ಹುಣಸೆಗೆ!

ಸ್ಕಾಟ್ಲೆಂಡಿನ ಫಾರ್ಟಿಂಗಲ್ ಹಳ್ಳಿಯ ಚರ್ಚಿನ ಅಂಗಳದಲ್ಲೂ ಒಂದು ಮುದಿ ಮರವಿದೆ. ಯೂ ಜಾತಿಯದು. ವಯಸ್ಸು 2,000 ವರ್ಷ ಎನ್ನುವವರಿದ್ದಾರೆ, 3,000 ಎನ್ನುವವರೂ ಇದ್ದಾರೆ! ಕಾಂಡ ಎಷ್ಟು ಸೀಳಿತ್ತೆಂದರೆ ಹಿಂದೆ ಶವಯಾತ್ರೆಗಳು ಅದರ ನಡುವೆಯೇ ಹಾದುಹೋಗುತ್ತಿದ್ದವಂತೆ.

ಯೂ ಮರದಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಫಾರ್ಟಿಂಗಲ್‌ನದು ಗಂಡು ಎಂದು ಎಲ್ಲರೂ ಬರೆದುಕೊಂಡು ಬಂದಿದ್ದರು. 2015ರಲ್ಲಿ ಸಸ್ಯವಿಜ್ಞಾನಿಗಳು ನೋಡಿದರೆ ಮೇಲಿನ ಒಂದು ಕೊಂಬೆಯಲ್ಲಿ ಮೂರು ಕೆಂಪು ಹಣ್ಣು! ಉಳಿದ ಮರವೆಲ್ಲ ಗಂಡೇ. ಆ ಒಂದು ಕೊಂಬೆ ಮಾತ್ರ, ಇಷ್ಟು ವರ್ಷ ಬದುಕಿದ ಮೇಲೆ, ಹೆಣ್ಣಾಗಿಬಿಟ್ಟಿತ್ತು!